ಕ್ಷಮೆ ಕೇಳದ ವಿಧಿಲೇಖಕ

"ತಪ್ಪಾಯಿತು, ಮೇಡಂ. ನಿಮಗಾದ ತೊಂದರೆಗೆ ತುಂಬಾ ವಿಷಾದಿಸುತ್ತೇನೆ. ಇನ್ನು ಮುಂದೆ..."

ಮೇಜಿನ ಮೇಲಿನ ವಿಧಿಲೇಖಕ ಹೇಳುತ್ತಲೇ ಇತ್ತು. ಬಾಯಲ್ಲಿ ಹೇಳಿದ್ದನ್ನು ಕೇಳಿ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವ ಯಂತ್ರ ಅದು. ಕೀಲಿಮಣೆಗಳು ಅಟ್ಟ ಸೇರಿ ಎಷ್ಟೋ ವರ್ಷವಾಗಿತ್ತು. ಪ್ರೋಗ್ರಾಮರುಗಳು ಈಗ ಬರೆಯುತ್ತಿರಲಿಲ್ಲ, ಬರೆಸುತ್ತಿದ್ದರು. ಬಳ್ಳಾರಿಯ ಹೊನ್ನೂರಮ್ಮ ಬೈದು ಬರೆಸುತ್ತಿದ್ದಳು. ಬೈದರೆ ಯಂತ್ರ ತನ್ನ ಕೆಲಸವನ್ನು ಮತ್ತೊಮ್ಮೆ ನೋಡಿ, ತಪ್ಪಿದ್ದರೆ ಒಪ್ಪಿಕೊಂಡು ತಿದ್ದುತ್ತಿತ್ತು. ಅವಳ ತಪಾಸಣೆಯೆಂದರೆ ಅಷ್ಟೇ.

ಆದರೆ ಯಂತ್ರದ ಬಾಡಿಗೆ ಅದು ಆಡುವ ಮಾತಿನ ಲೆಕ್ಕದಲ್ಲಿತ್ತು. ಆ ತಿಂಗಳ ಬಿಲ್ಲಿನಲ್ಲಿ ಪ್ರೋಗ್ರಾಮಿಗಿಂತ ಕ್ಷಮಾಪಣೆಯದೇ ಹೆಚ್ಚು. ಹೊನ್ನೂರಮ್ಮ ಅದನ್ನು ಹಿಡಿದು ಯಂತ್ರ ರೂಪಿಸಿದ ವಿಜ್ಞಾನಿ ಡಾ. ತಿಪ್ಪೇಸ್ವಾಮಿಯವರ ಎದುರು ನಿಂತಳು. ಬೈಯುವುದನ್ನು ಕಡಿಮೆ ಮಾಡಿ ಎಂದರು ಅವರು. ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ ಎಂದಳು ಅವಳು. ವಾದ ಬೆಳೆಸಲಾರದೆ ಅವರು ಕ್ಷಮೆ ಕೇಳುವ ಭಾಗವನ್ನೇ ಕಳಚಿಕೊಟ್ಟರು.

ಬಿಲ್ಲು ಇಳಿಯಿತು. ಎಷ್ಟು ಬೈದರೂ ಯಂತ್ರ "ಸರಿಯಿದೆ" ಎನ್ನುತ್ತಿತ್ತು. ಆ ಭರವಸೆಯಲ್ಲೇ ಹೊನ್ನೂರಮ್ಮ ರಿಯಾಜ್ ಸಾಹೇಬರ ಜೀನ್ಸ್ ಕಾರ್ಖಾನೆಯ ಬಟ್ಟೆ ಕತ್ತರಿಸುವ ಯಂತ್ರಕ್ಕೆ ಹೊಸ ಪ್ರೋಗ್ರಾಂ ಕಳಿಸಿದಳು. ಅವಳ ಮನೆ ನಡೆಯುತ್ತಿದ್ದದ್ದೇ ಆ ಕಾರ್ಖಾನೆಯ ಕೆಲಸದಿಂದ. ಸಂಜೆಯೊಳಗೆ ಕತ್ತರಿಸಿದ ಅಷ್ಟೂ ಪ್ಯಾಂಟಿಗೆ ಎಡಗಾಲು ಗೇಣುದ್ದ ಗಿಡ್ಡ.

ತಿಪ್ಪೇಸ್ವಾಮಿ ವಿಧಿಲೇಖಕವನ್ನು ಬಿಚ್ಚಿ ನೋಡಿ ತಲೆ ಕೆರೆದುಕೊಂಡರು. "ತಪ್ಪನ್ನು ಕಾಣುವ ದೋಷಗ್ರಾಹಿಯೂ ಕ್ಷಮೆ ಕೇಳುವ ಭಾಗವೂ ಒಂದೇ ತಂತುವಿನಲ್ಲಿದ್ದವಮ್ಮ. ನನಗೂ ಗೊತ್ತಿರಲಿಲ್ಲ. ಒಂದು ಹೋದರೆ ಇನ್ನೊಂದೂ ಹೋಗುತ್ತದೆ."

"ಈಗ ಸಾಹೇಬರಿಗೆ ಏನಂತ ಹೇಳಲಿ?"

"ಅದನ್ನು ನೀವೇ ಹೇಳಬೇಕು."

ಕಾರ್ಖಾನೆಯಲ್ಲಿ ಹೊಲಿಗೆಯವರು ಕೈಕಟ್ಟಿ ಕೂತಿದ್ದರು. ಯಂತ್ರವನ್ನೂ ವಿಜ್ಞಾನಿಯನ್ನೂ ಬೈಯುವ ಮಾತು ಹೊನ್ನೂರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ತಪ್ಪು ನನ್ನದು, ಸಾಹೇಬ್ರೆ. ನೋಡದೆ ಕಳಿಸಿದೆ."

ರಿಯಾಜ್ ಸಾಹೇಬರು ಇನ್ನಷ್ಟು ಬರಬಹುದೆಂದು ಕಾದರು. "ಅಷ್ಟೇನಾ?"

"ನನಗೆ ಅಷ್ಟೇ ಬರೋದು."

ಅವರು ಒಂದು ಪ್ಯಾಂಟಿನ ಬಟ್ಟೆ ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಎರಡೂ ಕಾಲು ಮಂಡಿಗೆ ಕತ್ತರಿಸಿದರೆ ಚಡ್ಡಿಯಾಗುತ್ತದೆ, ಚಡ್ಡಿಗೂ ಗಿರಾಕಿ ಇದ್ದಾರೆ ಎಂದರು. ಅವಳಿಗೆ ಮುಂದಿನ ಕೆಲಸ ಕೊಡುವ ಮಾತು ಆಮೇಲೆ ಎಂದೂ ಹೇಳಿದರು. ಕತ್ತರಿಯನ್ನು ಅವಳ ಕೈಗೇ ಕೊಟ್ಟರು.

ಹೊನ್ನೂರಮ್ಮ ಹೊಲಿಗೆಯ ಹೆಂಗಸರ ನಡುವೆ ನೆಲಕ್ಕೆ ಕೂತು ಕತ್ತರಿಸತೊಡಗಿದಳು. ಪಕ್ಕದವಳು ಇಣುಕಿ ನೋಡಿದಳು.

"ಸೊಟ್ಟ ಆಯ್ತಲ್ಲಕ್ಕ."

ಹೊನ್ನೂರಮ್ಮ ಸರ್ರನೆ ತಿರುಗಿದಳು. ಬಟ್ಟೆಯನ್ನು ತೊಡೆಯ ಮೇಲೆ ಹರಡಿ ನೋಡಿದಳು. ಸೊಟ್ಟಗೇ ಇತ್ತು.

"ಹೌದು," ಎಂದಳು. "ಹೇಗೆ ಕತ್ತರಿಸಬೇಕು, ತೋರಿಸು."