ದಪ್ಪ ತಂತಿಯ ಫ್ಯೂಸು

ಆಜರಾದ ಆಚೆಯ ಕಾಡಿನಲ್ಲಿ ಮರದ ದಿಮ್ಮಿ ಉರುಳಿ ಅಲ್ಲಪ್ಪನ ಕಾಲು ಜಜ್ಜಿಹೋಗಿತ್ತು. ಇವತ್ತೇ ಗಡಹಿಂಗ್ಲಜದ ದವಾಖಾನೆ ಮುಟ್ಟದಿದ್ದರೆ ಕಾಲು ಕತ್ತರಿಸಬೇಕಾಗುತ್ತದೆಂದು ಸುದ್ದಿ ಬಂತು. ಅವನ ಹೆಂಡತಿ ಶಾಲನ, ಇಚಲಕರಂಜಿಯಲ್ಲಿ ಕರೆಂಟಿನ ಮಗ್ಗ ರಿಪೇರಿ ಮಾಡುವ ತಮ್ಮ ಬಸಗೊಂಡ, ಜೀಪಿನ ಸಿದ್ರಾಮ, ಮೂವರೂ ಉಣ್ಣದೆ ಹೊರಟರು.

ಆಜರಾ ದಾಟಿದ ಮೇಲೆ ರಸ್ತೆಯೆಂಬುದು ಬರೀ ಕೆಂಪು ರಾಡಿ. ಎರಡೂ ಕಡೆ ನೇರಳೆ ಮರಗಳು ತಲೆ ಕೂಡಿಸಿ ನಿಂತು ಹಗಲನ್ನೇ ನುಂಗಿದ್ದವು. ಶ್ರಾವಣದ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಜೀಪಿನ ಮೂತಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಸಿದ್ರಾಮ ದೀಪ ಹಚ್ಚಿದ.

ಒಂದು ತಗ್ಗು. ಧಡಕ್! ದೀಪ ಆರಿತು.

"ಫ್ಯೂಸ್ ಹೋತು ನೋಡ್ರಿ," ಸಿದ್ರಾಮ ಹೊಸದು ಹಾಕಿದ. ಮುಂದಿನ ತಗ್ಗಿಗೆ ಅದೂ ಹೋಯಿತು. ಇನ್ನೊಂದು ಇರಲಿಲ್ಲ.

"ಥೂ ಇದರ! ಸರೀರಿ ಅತ್ಲಾಗ," ಎಂದ ಬಸಗೊಂಡ ಕಿಸೆಯಿಂದ ದಪ್ಪ ತಾಮ್ರದ ತಂತಿ ತೆಗೆದು ಫ್ಯೂಸಿನ ಜಾಗದಲ್ಲಿ ಬಿಗಿದ. "ಮಗ್ಗ ನಿಂದ್ರಬಾರ್ದಂತ ನಾವು ಹಿಂಗ ಮಾಡ್ತೇವಿ. ಮತ್ತ ಹೋಗಂಗಿಲ್ಲ."

"ನನಗ್ಯಾಕೋ ಅಂಜಿಕಿ ಬರ್ತೈತಪಾ," ಎಂದ ಸಿದ್ರಾಮ.

"ಅಂಜಿದ್ರ ಅಣ್ಣನ ಕಾಲು ಉಳಿತೈತೇನು?"

ಫ್ಯೂಸು ಹೋಗಲಿಲ್ಲ. ಮತ್ತೊಂದು ತಗ್ಗಿಗೆ ಬಾನೆಟ್ಟಿನಿಂದ ಹೊಗೆ ಎದ್ದಿತು. ಸುಟ್ಟ ರಬ್ಬರಿನ ನಾತ. ಇಂಜಿನ್ನೂ ನಿಂತಿತು!

ಸಿದ್ರಾಮ ಹಾರಿ ಬ್ಯಾಟರಿಯ ತಂತಿ ಕಿತ್ತ. ಶಾಲನ ಒದ್ದೆ ಗೋಣಿಚೀಲ ಒಗೆದು ಬೆಂಕಿ ಆರಿಸಿದಳು.

"ಫ್ಯೂಸ್ ಸುಡಬೇಕಿತ್ತೋ ಮಾರಾಯಾ! ಅದನ್ನ ಉಳಿಸಾಕ ಹೋಗಿ ಗಾಡೀನ ಸುಟ್ಟಿ!" ಸಿದ್ರಾಮ ಬಸಗೊಂಡನಿಗೆ ಬೈದ.

"ಜಗಳ ಆಮ್ಯಾಲ ಆಡ್ರಿ," ಶಾಲನ ಕಿರುಚಿದಳು. "ಅವ್ರು ಅಲ್ಲಿ ಒದ್ದಾಡಾಕತ್ತಾರ!"

ಬಸಗೊಂಡನಿಗೆ ನಾಚಿಕೆ, ಸಿಟ್ಟು ಎರಡೂ ಬಂದವು. ಅಂಗೈ ಸುಟ್ಟರೂ ಬಿಡದೆ ಕರಕಲು ತಂತಿಗಳನ್ನು ಕಿತ್ತ. ದೀಪದ ತಂತಿ ತಗಡಿನಂಚಿಗೆ ಉಜ್ಜಿ ಬರಿದಾಗಿತ್ತು. ಅದರಿಂದಲೇ ಫ್ಯೂಸು ಹೋಗುತ್ತಿತ್ತು. ಶಾಲನ ತನ್ನ ಸೆರಗು ಹರಿದು ಕೊಟ್ಟಳು, ಅದನ್ನು ಅಲ್ಲಿಗೆ ಸುತ್ತಿದರು. ಹಾರ್ನಿನ ತಂತಿ ಕಿತ್ತು ಇಂಜಿನ್ನಿಗೆ ಜೋಡಿಸಿದರು. ಉಳಿದ ತುಂಡುಗಳಿಂದ ಒಂದೇ ದೀಪ ಹೊತ್ತಿತು. ಫ್ಯೂಸಿನ ಜಾಗಕ್ಕೆ ಈ ಸಲ ಬಸಗೊಂಡ ಕೂದಲಿನಂಥ ತಂತಿಯ ಒಂದೇ ಎಳೆ ಹಾಕಿದ.

"ಇದು ತಡೀತೈತೇನು?" ಶಾಲನ ಕೇಳಿದಳು.

"ತಡೀಬಾರ್ದು, ವೈನಿ."

ಮರ ಕಡಿಯುವ ಕೂಪಿನಲ್ಲಿ ಅಲ್ಲಪ್ಪ ಜ್ವರದಲ್ಲಿ ಕನವರಿಸುತ್ತಿದ್ದ. ಅವನನ್ನು ಹಿಂದೆ ಮಲಗಿಸಿ, ಅಲ್ಲಿಯ ಕಂದೀಲು ಇಸಿದುಕೊಂಡು ತಿರುಗಿದರು. ಸಂಜೆಯಾಗುತ್ತಿತ್ತು. ಹಳ್ಳದ ನಟ್ಟನಡುವೆ ಜೀಪು ಕಲ್ಲಿಗೆ ಬಡಿಯಿತು, ಸುತ್ತಿದ ಬಟ್ಟೆ ಕಳಚಿತು. ದೀಪ ಆರಿತು.

ಇಂಜಿನ್ ಮಾತ್ರ ಗುರುಗುಡುತ್ತಲೇ ಇತ್ತು.

"ಹೋತು!" ಬಸಗೊಂಡ ಕುಣಿದಾಡಿದ. "ಫ್ಯೂಸ್ ಹೋತು, ಸಿದ್ರಾಮಣ್ಣಾ!"

"ಹುಚ್ಚ ಹಿಡೀತೇನು ನಿನಗ? ಮುಂದ ದಾರಿ ಕಾಣವಲ್ದು!" ಸಿದ್ರಾಮ ಗದರಿದ.

ಶಾಲನ ಕಂದೀಲು ಹಿಡಿದು ಮೊಣಕಾಲುಮಟ್ಟ ನೀರಿಗಿಳಿದಳು. ಅವಳ ಹಿಂದೆ ಜೀಪು ಹಳ್ಳ ದಾಟಿತು, ಕಾಡು ದಾಟಿತು. ದವಾಖಾನೆಯಲ್ಲಿ ಡಾಕ್ಟರು ಕಾಲು ನೋಡಿ, "ಉಳಿತೈತಿ," ಎಂದರು. ಶಾಲನ ಅಲ್ಲೇ ಕಟ್ಟೆಯ ಮೇಲೆ ಕುಳಿತು ಜೋರಾಗಿ ಅತ್ತಳು.

ಇಚಲಕರಂಜಿಗೆ ಮರಳಿದ ಬಸಗೊಂಡ ಮೊದಲು ಮಗ್ಗಗಳ ಫ್ಯೂಸುಗಳಿಂದ ತನ್ನ ದಪ್ಪ ತಂತಿಗಳನ್ನೆಲ್ಲ ಕಿತ್ತು ಒಗೆದು ತೆಳು ಎಳೆ ಬಿಗಿದ. ಮಧ್ಯಾಹ್ನ ಒಂದು ಮಗ್ಗ ನಿಂತಿತು.

"ಏ ಬಸಗೊಂಡ, ನಿಂತೈತಲ್ಲೋ!" ನೇಕಾರರು ಕೂಗಿದರು.

"ನಿಂದ್ರಲಿ," ಎಂದ ಅವನು, ಸುಟ್ಟ ಅಂಗೈ ನೋಡಿಕೊಳ್ಳುತ್ತ. "ಯಾಕ ನಿಂತೈತಿ ಅಂತ ಮೊದಲ ನೋಡೂಣು."