ಗೆರೆಯ ಮೇಲೆ ಕೂರದ ಚುಕ್ಕೆ

ತಿರುಚ್ಚಿಯ ಬಾಯ್ಲರ್ ಕಾರ್ಖಾನೆಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಆ ವರ್ಷದ ಆಡಿ ಮಾಸಕ್ಕೆ, ಅಂದರೆ ನಮ್ಮ ಆಷಾಢಕ್ಕೆ, ಒಂದು ಅಧ್ಯಾಯವನ್ನೇ ಮೀಸಲಿಡಬೇಕು: ವಿನ್ಯಾಸ ವಿಭಾಗದ ಅಂಗಯರ್ಕಣ್ಣಿಯ ಕಂಪ್ಯೂಟರಿನಲ್ಲಿ ಒಂದು ಚುಕ್ಕೆ ಗೆರೆಯ ಮೇಲೆ ಕೂರಲು ಒಪ್ಪಲಿಲ್ಲ.

ಗೆರೆ ಅವಳ ಲೆಕ್ಕದ್ದು. ಹೊಸ ವೆಸೆಲ್‌ನ, ಅಂದರೆ ಹಬೆ ತುಂಬುವ ಉಕ್ಕಿನ ದೊಡ್ಡ ಪಾತ್ರೆಯ, ಸುತ್ತುಬೆಸುಗೆಯನ್ನು ಕಂಪ್ಯೂಟರಿನಲ್ಲಿ ಎರಡು ಲಕ್ಷ ಚೂರುಗಳಾಗಿ ಹೆಚ್ಚಿ, ಬೆಸುಗೆ ಆರಿದ ಮೇಲೂ ಉಕ್ಕಿನೊಳಗೆ ಎಷ್ಟು ಒತ್ತಡ ಉಳಿಯುತ್ತದೆಂದು ಲೆಕ್ಕ ಹಾಕಿದ್ದಳು. ಚುಕ್ಕೆಗಳು ವೆಸೆಲ್ ಮೇಲೆಯೇ ನಾಲ್ಕು ಕಡೆ ಅಳೆದ ನಿಜವಾದ ಒತ್ತಡದವು. ಮೂರು ಸಾಧುವಾಗಿ ಗೆರೆಯ ಮೇಲೆ ಕೂತವು. ನಾಲ್ಕನೆಯದು ಗೇಣುದ್ದ ಮೇಲೆ.

ಲೆಕ್ಕ, ಅಳತೆ ಎರಡೂ ತಾಳೆಯಾಗದಿದ್ದರೆ ಗುರುವಾರ ಇನ್ಸ್‌ಪೆಕ್ಟರ್ ಬೆಸುಗೆಯನ್ನೇ ಕತ್ತರಿಸಿ ತೆಗೆಸುವರು. ಅದು ವೆಲ್ಡರ್ ಮಾಸಿಲಾಮಣಿಯ ಬೆಸುಗೆ. ಹನ್ನೊಂದು ವರ್ಷದಲ್ಲಿ ಅವನದೊಂದನ್ನೂ ಯಾರೂ ಕತ್ತರಿಸಿರಲಿಲ್ಲ.

ಒಂಬತ್ತು ದಿನ ಚೂರುಗಳನ್ನು ಇನ್ನೂ ಸಣ್ಣಗೆ ಹೆಚ್ಚಿ ನೋಡಿದಳು. ಹತ್ತನೆಯ ದಿನ ಹೆಲ್ಮೆಟ್ ಹಾಕಿಕೊಂಡು ಶೆಡ್ಡಿಗೇ ಹೋದಳು.

"ಮಾಸಿಲಾಮಣಿ ಸಾರ್, ಈ ಜಾಗದಲ್ಲಿ ಏನ್ ಮಾಡಿದ್ರಿ?"

"ವೆಲ್ಡಿಂಗ್ ಮಾಡ್ದೆ, ಮೇಡಂ."

"ಅದು ಗೊತ್ತು. ನಡುವೆ ನಿಲ್ಸಿದ್ರಾ?"

"ಶೀಟಲ್ಲಿ ಬರ್ದಿದೀನಲ್ಲ, ನಿಲ್ಲಿಸಿಲ್ಲ ಅಂತ."

"ಶೀಟನ್ನ ಹಾಳು ಬಾವಿಗೆ ಹಾಕಿ! ಊಟಕ್ಕೆ ಕೂತ್ರೆ ಸಾಂಬಾರಲ್ಲೂ ನಿಮ್ಮ ಬೆಸುಗೇನೇ ಕಾಣುತ್ತೆ ನಂಗೆ."

ಅವನು ಮುಖಗವಸನ್ನು ಹಣೆಗೇರಿಸಿದ. ಬೆವರಿನ ಮುಖದಲ್ಲಿ ಕಣ್ಣುಗಳು ಮಾತ್ರ ನಗುತ್ತಿದ್ದವು. "ಬೆಸುಗೆ ಮಾತ್ರಾನಾ?"

"ಸಾರ್!"

"ಶೆಡ್ಡಲ್ಲಿ ಎಲ್ಲರನ್ನೂ ಅಣ್ಣಾ ಅಂತೀರಿ. ನಾನೊಬ್ಬನೇ ಯಾಕೆ ಸಾರ್?"

ಅವಳ ಕಿವಿ ಕೆಂಪಾಯಿತು. ಉಕ್ಕು ಕಾಯಿಸುವ ಬರ್ನರಿನ ಸೆಕೆ ಎನ್ನೋಣವೆಂದರೆ ಬರ್ನರ್ ಹೊತ್ತಿಸಿಯೇ ಇರಲಿಲ್ಲ.

"ಮಾತು ಮರೆಸ್ಬೇಡಿ. ಕತ್ತರಿಸ್ತಾರೆ, ಗೊತ್ತಾ?"

ಅವನು ಕೈಗವಸು ಕಳಚಿದ. "ಹನ್ನೊಂದೂ ಹತ್ತಕ್ಕೆ ನಿಲ್ಸಿದ್ದೆ. ಇಪ್ಪತ್ತು ನಿಮಿಷ. ಬರ್ನರ್ ಉರೀತಾ ಬಿಟ್ಟು ಹೋಗೋ ಹಾಗಿಲ್ಲ, ಆರಿಸ್ದೆ. ಉಕ್ಕು ತಣ್ಣಗಾಗಿರ್ಬೇಕು."

"ಅಯ್ಯೋ ಪುಣ್ಯಾತ್ಮ! ಎಲ್ಲಿಗೆ ಹೋಗಿದ್ರಿ?"

"ಕ್ಯಾಂಟೀನ್‌ಗೆ."

"ಕಾಫಿ ಇಲ್ಲಿಗೇ ತರಿಸ್ಕೊಳ್ಳೋಕೇನಾಗಿತ್ತು?"

"ಕಾಫಿ ತರಿಸ್ಕೋಬಹುದು. ಆ ಹೊತ್ತಿಗೆ ಅಲ್ಲಿಗೆ ಬರೋರನ್ನ ತರಿಸ್ಕೊಳ್ಳೋಕಾಗುತ್ತಾ?"

ಹನ್ನೊಂದೂ ಹತ್ತಕ್ಕೆ ಕ್ಯಾಂಟೀನಿಗೆ ಬರುವುದು ವಿನ್ಯಾಸ ವಿಭಾಗ. ಆ ವಿಭಾಗದಲ್ಲಿ ಇರುವುದು ಇಬ್ಬರೇ. ಇನ್ನೊಬ್ಬರು ವೇಲಾಯುದಂ, ನಿವೃತ್ತಿಗೆ ಎರಡು ವರ್ಷ ಬಾಕಿ.

ಅವಳು ಹಿಂದಿರುಗಿ, ಲೆಕ್ಕಕ್ಕೆ ಆ ಇಪ್ಪತ್ತು ನಿಮಿಷದ ತಣಿವನ್ನು ಸೇರಿಸಿದಳು. ಚುಕ್ಕೆ ಗೆರೆಯ ಮೇಲೆ ಕೂತಿತು. ಒತ್ತಡ ಹೆಚ್ಚಿತ್ತು, ಆದರೆ ಮಿತಿಯೊಳಗೇ.

ಗುರುವಾರ ಇನ್ಸ್‌ಪೆಕ್ಟರ್ ವರದಿಯನ್ನು ಎರಡು ಸಲ ಓದಿದರು. ಮಾಸಿಲಾಮಣಿ ಬಾಗಿಲ ಬಳಿ ನಿಂತಿದ್ದ.

"ವೆಲ್ಡರ್ ನಡುವೆ ನಿಲ್ಸಿದ್ರು ಅಂತ ಬರ್ದಿದೀಯ. ಕಾರಣ ಎಲ್ಲಿದೆಯಮ್ಮಾ? ಅದಿಲ್ದೆ ನಾನು ಸಹಿ ಹಾಕಲ್ಲ."

ಮಾಸಿಲಾಮಣಿ ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಅದು ತಾನೇ ಮುಚ್ಚಿಕೊಂಡಿತು.

"ನಾನು, ಸಾರ್."

"ಏನು ನೀನು?"

"ಕಾರಣ. ನನ್ನ ನೋಡೋಕೆ ಕ್ಯಾಂಟೀನ್‌ಗೆ ಹೋಗಿದ್ರಂತೆ!" ಅವಳು ಬಾಗಿಲ ಕಡೆ ತಿರುಗಿದಳು. "ಬಾಯಿ ಬಿಟ್ಟು ಒಂದು ಮಾತು ಕೇಳಿದ್ರೆ ಭಾನುವಾರ ನಾನೇ ಬರ್ತಿದ್ನಲ್ಲ ಸಾರ್! ಉಕ್ಕಾದ್ರೂ ಬಿಸಿಯಾಗಿರ್ತಿತ್ತು."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕಿದರು.

ಬೆಸುಗೆಯನ್ನು ಕತ್ತರಿಸಲಿಲ್ಲ. ಸುಳ್ಳು ಶೀಟ್ ಬರೆದದ್ದಕ್ಕೆ ಮಾಸಿಲಾಮಣಿಗೆ ಮೆಮೊ ಬಂತು. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಅವರಿಬ್ಬರ ಮದುವೆಯಾಯಿತು.