ಹೇಳಿದರೆ ಗುಣ ಹೋಗುವ ಗುಳಿಗೆ

"ಆ ಬಾಳೆಹಣ್ಣು ಕೆಳಗಿಡ್ರಿ!"

ಕಸ್ತೂರಿಯ ದನಿಗೆ ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಿಟಕಿ ಪಕ್ಕದ ಮಂಚದ ಬಳಿ ಖಾಕಿ ಅಂಗಿಯ ಯುವಕನೊಬ್ಬ, ಸುಲಿದ ಹಣ್ಣನ್ನು ತಂದೆಯ ಬಾಯಿಯ ಹತ್ತಿರ ಹಿಡಿದವನು ಹಾಗೆಯೇ ನಿಂತುಬಿಟ್ಟ.

"ಯಾಕ್ರೀ? ಹಣ್ಣು ತಿನ್ನಾಕೂ ನಿಮ್ಮ ಅಪ್ಪಣೆ ಬೇಕಾ?"

ಕಸ್ತೂರಿ ನೇರ ಮಂಚದ ಬಳಿಗೆ ಬಂದಳು. ಹಣ್ಣು ಕಸಿದುಕೊಂಡು ಎರಡು ಹೋಳು ಮಾಡಿದಳು. ಒಳಗೆ ಬಿಳಿ ಮಾತ್ರೆಯೊಂದು ಆರಾಮಾಗಿ ಕೂತಿತ್ತು!

"ಇದೇನು?"

ಯುವಕನ ಮುಖ ಕೆಂಪಾಯಿತು. "ನಿದ್ದೆ ಮಾತ್ರೆ. ಅಪ್ಪ ಕಣ್ಣು ಮುಚ್ಚಿ ಎಷ್ಟು ದಿನ ಆತು! ನೀವಂತೂ ಕೊಡಲ್ಲ ಅಂದ್ರಿ. ಹೆತ್ತ ತಂದೆ ಒದ್ದಾಡೋದನ್ನ ನೋಡ್ಕೊಂತ ಕೂರಾಕೆ ನನ್ನ ಕೈಲಿ ಆಗಲ್ರೀ..."

"ಇದನ್ನ ನುಂಗಿದ್ರೆ ನಿದ್ದೆ ಬರ್ತಿತ್ತು. ಏಳೋದು ಯಾವಾಗ ಅಂತ ಮಾತ್ರ ಕೇಳಬೇಡ್ರಿ! ಇನ್ನೊಂದ್ಸಲ ಹಿಂಗೆ ಮಾಡಿದ್ರೆ ನಿಮ್ಮನ್ನ ಒಳಗೇ ಬಿಡಲ್ಲ!"

ಮಂಚದ ಕೆಳಗೆ ಎಲೆಅಡಿಕೆ ಸಂಚಿ ಬಿಚ್ಚಿಕೊಂಡು ಕೂತಿದ್ದ ಮುದುಕಿಯೊಬ್ಬಳು ಈ ಮಾತಿಗೆ ಬೆಚ್ಚಿ ಸಂಚಿ ಮುಚ್ಚಿಕೊಂಡಳು. ಅದನ್ನು ಯಾರೂ ಗಮನಿಸಲಿಲ್ಲ. ಸಿಟ್ಟಿನಲ್ಲಿದ್ದವರಿಗೆ ಎದುರಿನವರು ಬಿಟ್ಟರೆ ಬೇರೇನು ಕಂಡೀತು?

ಅದು ಎಪ್ಪತ್ತೊಂಬತ್ತರ ಬೇಸಿಗೆ. ಹೊನ್ನಾಳಿಯ ರಸ್ತೆ ಬದಿಯಲ್ಲಿ ಡಾಕ್ಟರ್ ಜುಂಜಪ್ಪನವರದೊಂದು ಪುಟ್ಟ ನರ್ಸಿಂಗ್ ಹೋಮ್. ಜಗಳೂರಿನ ಹುಡುಗಿ ಕಸ್ತೂರಿ ಅಲ್ಲಿ ನರ್ಸು. ಮಂಚದ ಮೇಲಿದ್ದವರು ನ್ಯಾಮತಿಯ ಮರುಳಪ್ಪ, ಬಸ್ ಓಡಿಸಿ ತಲೆ ನೆರೆತವರು. ಹೆಂಡ ಸಾರಾಯಿ ಮುಟ್ಟಿದವರಲ್ಲ. ಪ್ರಾಯದಲ್ಲಿ ಬಂದ ಕಾಮಾಲೆ ಹೋದಂತೆ ಮಾಡಿ ಒಳಗೇ ಉಳಿದು, ಲಿವರನ್ನು ಕಲ್ಲು ಮಾಡಿತ್ತು. ಮಗ ಪಂಚಾಕ್ಷರಿ ಚನ್ನಗಿರಿ–ಹೊನ್ನಾಳಿ–ನ್ಯಾಮತಿ ಬಸ್ಸಿನ ಕಂಡಕ್ಟರ್. ಸಂಚಿಯ ಮುದುಕಿ ಮರುಳಪ್ಪನವರ ಅಕ್ಕ. ಊರಿಗೆಲ್ಲ ಅವಳು ದೊಡ್ಡಕ್ಕ.

ಆ ಸಂಜೆ ಪಂಚಾಕ್ಷರಿ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕಸ್ತೂರಿಯ ಸಿಟ್ಟೂ ಇಳಿದಿತ್ತು.

"ನಾವು ನುಂಗಿದ್ದನ್ನ ಅರಗಿಸಿ ಹೊರಗೆ ಹಾಕೋದು ಲಿವರ್ ಕೆಲಸ. ನಿಮ್ಮ ತಂದೇದು ಸೋತುಬಿಟ್ಟೈತೆ. ನಮಗೆ ಬೆಳಗಾಗೋದ್ರೊಳಗೆ ಇಳಿಯೋ ಮಾತ್ರೆ ಅವರ ಮೈಯಾಗೇ ಉಳ್ಕೊಂಡು ತಲೆಗೆ ಏರ್ತದೆ. ನೋವಿನ ಮಾತ್ರೆ ಆದ್ರೆ ರಕ್ತ ಕಾರಬಹುದು. ಅದಕ್ಕೇ, ಅವರ ಬಾಯಿಗೆ ಏನು ಹೋದ್ರೂ ಮೊದಲು ನನಗೆ ತೋರಿಸ್ರಿ."

"ಅಪ್ಪನ್ನ ನಾನೇ ಕೊಂದುಬಿಡ್ತಿದ್ನಲ್ರೀ..." ಅವನ ಕಣ್ಣು ತುಂಬಿತ್ತು.

'ಗಂಡಸೊಬ್ಬ ಅಪ್ಪನಿಗಾಗಿ ಹಿಂಗೂ ಅಳ್ತಾನಾ?' ಕಸ್ತೂರಿಯ ಎದೆಯಲ್ಲಿ ಏನೋ ಮೆತ್ತಗಾಯಿತು.

ಮಾರನೇ ದಿನದಿಂದ ಬಸ್ಸು ನರ್ಸಿಂಗ್ ಹೋಮ್ ಎದುರಿಗೇ ಚಹಾಕ್ಕೆ ನಿಲ್ಲತೊಡಗಿತು. ಪಂಚಾಕ್ಷರಿ ಕ್ಯಾರಿಯರ್ ಹಿಡಿದು ಒಳಗೆ ಬರುವನು. ಒಂದೊಂದೇ ಡಬ್ಬಿ ಬಿಚ್ಚುವನು.

"ಮಜ್ಜಿಗೆ ಅನ್ನ, ಉಪ್ಪಿಲ್ಲ. ನೋಡ್ಕೊಳ್ರಿ. ಬಾಳೆಹಣ್ಣು... ಬೇಕಾದ್ರೆ ನೀವೇ ಮುರಿದು ನೋಡ್ರಿ!"

ಕಸ್ತೂರಿ ನಗು ತಡೆಯಲು ಚಾರ್ಟಿನ ಹಿಂದೆ ಮುಖ ಮುಚ್ಚಿಕೊಳ್ಳುವಳು.

ಬೆಳಿಗ್ಗೆ ಬೆಳಿಗ್ಗೆ ಅವಳದೊಂದು ಪರೀಕ್ಷೆ ಇತ್ತು. "ಅಪ್ಪಾರೇ, ಕೈ ಚಾಚ್ರಿ. ಬಸ್ ನಿಲ್ಲಿಸ್ರಿ ನೋಡೋಣ." ಮರುಳಪ್ಪ ಎರಡೂ ಅಂಗೈ ಎತ್ತಿ ಹಿಡಿಯಬೇಕು. ಮೈಯ ವಿಷ ತಲೆಗೇರಿದರೆ ಅಂಗೈ ನಿಲ್ಲದು, ಪಟಪಟ ಬಡಿಯುತ್ತದೆ.

"ಜೀವಮಾನವೆಲ್ಲ ನಾನು ಬಸ್ ನಿಲ್ಸಿದ್ದು ಕಾಲಾಗೆ ಕಣವ್ವಾ, ಕೈಯಾಗಲ್ಲ!" ಎಂದು ಮುದುಕ ನಕ್ಕರೆ ವಾರ್ಡೆಲ್ಲ ನಗುತ್ತಿತ್ತು.

ಬಸ್ಸಿನಲ್ಲಿ ಮಾತ್ರ ಪ್ರಯಾಣಿಕರ ಗೊಣಗಾಟ. "ಅಪ್ಪನ್ನ ನೋಡಾಕೆ ಇಷ್ಟು ಹೊತ್ತಾ, ಕಂಡಕ್ಟ್ರೇ?"

"ಅಪ್ಪನ್ನೇ ನೋಡ್ತಾನಾ ಅಂತ ಮೊದಲು ಕೇಳು!" ಎಂದು ಡ್ರೈವರ್ ರಂಗಣ್ಣ ಹಾರನ್ ಒತ್ತುತ್ತಿದ್ದ.

ಹಾರನ್ ಕೇಳಿದರೆ ಕಸ್ತೂರಿಯ ಕೈ ತಾನಾಗಿ ಜಡೆಗೆ ಹೋಗುತ್ತಿತ್ತು. 'ಏನೇ ಇದು ಹುಚ್ಚು?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು... ಬೈದುಕೊಂಡು ಮತ್ತೆ ಕಿಟಕಿಗೇ ಬರುತ್ತಿದ್ದಳು.

ಆದರೆ ಒಂದು ಬೆಳಿಗ್ಗೆ ಮರುಳಪ್ಪ ಕಣ್ಣು ಅರ್ಧ ಮುಚ್ಚಿಕೊಂಡು ಏನೇನೋ ತೊದಲುತ್ತಿದ್ದರು.

"ಅಪ್ಪಾರೇ... ಕೈ ಚಾಚ್ರಿ..."

ಅಂಗೈ ಎತ್ತಿದರು. ಪಟಪಟ ಬಡಿಯಿತು.

ಕಸ್ತೂರಿ ಡಾಕ್ಟರನ್ನು ಕೂಗಿದಳು. ಡಾಕ್ಟರ್ ಓಡಿ ಬಂದು ಕಣ್ಣು ಬಿಡಿಸಿ ನೋಡಿದರು. "ಏನೋ ಮತ್ತಿನ ಪದಾರ್ಥ ಹೊಟ್ಟೆಗೆ ಹೋಗಿದೆ. ಏನು ಅಂತ ಗೊತ್ತಾಗಬೇಕು. ಕೊಡೋದು ನಿಲ್ಲದಿದ್ದರೆ ನಮ್ಮ ಎನಿಮಾ, ಡ್ರಿಪ್ ಯಾವುದೂ ಉಪಯೋಗಕ್ಕಿಲ್ಲ."

ಅಷ್ಟರಲ್ಲಿ ಕ್ಯಾರಿಯರ್ ಹಿಡಿದು ಪಂಚಾಕ್ಷರಿ ಬಂದ. ಕಸ್ತೂರಿಗೆ ಕಂಡದ್ದು ಅವತ್ತಿನ ಆ ಮಾತ್ರೆಯ ಬಾಳೆಹಣ್ಣು ಮಾತ್ರ.

"ಮತ್ತೆ ಕೊಟ್ರಾ? ಅಷ್ಟು ಹೇಳಿದ್ರೂ ಮತ್ತೆ ಕೊಟ್ರಾ?"

"ನಾನಾ? ಇಲ್ಲ! ದೇವರಾಣೆ..."

"ಆಣೆ ಬೇಡ! ನಿಮ್ಮನ್ನ ನಂಬಿದ್ದೇ ನನ್ನ ತಪ್ಪು!"

ಇಡೀ ವಾರ್ಡು ಕೇಳಿಸಿಕೊಂಡಿತು. ಪಂಚಾಕ್ಷರಿ ಕ್ಯಾರಿಯರನ್ನು ಮೆಲ್ಲಗೆ ಕೆಳಗಿಟ್ಟ.

"ನಂಬಿದ್ರಾ? ನಂಬಿದ್ರೆ ಮೊದಲು ಕೇಳ್ತಿದ್ರಿ. ಅಪ್ಪನ್ನ ಉಳಿಸ್ಕೊಡ್ರಿ, ಸಾಕು. ನಾನು ಹೊರಗೇ ಇರ್ತೀನಿ."

ಅವನು ಜಗುಲಿಗೆ ಹೋದ. ಕಸ್ತೂರಿ ತುಟಿ ಕಚ್ಚಿಕೊಂಡು ಡ್ರಿಪ್ ಹಾಕಿದಳು. ಹಾಗೆ ಬಗ್ಗಿದಾಗಲೇ ಕಂಡಿತು... ದೊಡ್ಡಕ್ಕ ತಮ್ಮನ ತುಟಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಬೆಳಗಿನಿಂದ ಮರುಳಪ್ಪನವರಿಗೆ ಯಾರೂ ಏನೂ ತಿನ್ನಿಸಿರಲಿಲ್ಲ. ಸೆರಗಿಗೆ ಮಾತ್ರ ಕಪ್ಪು ಕಲೆ ಹತ್ತಿತ್ತು!

ಗದರಲು ಬಾಯಿ ತೆರೆದವಳು ತಡೆದುಕೊಂಡಳು. ಮುದುಕಿಯ ಕಣ್ಣಲ್ಲಿದ್ದ ಭಯ ಅವಳಿಗೆ ಹೊಸದಲ್ಲ. ಜಗಳೂರಿನ ಅವಳ ಅಜ್ಜಿಯೂ ಹೀಗೆಯೇ, ನಾಟಿ ಔಷಧಿ ತಂದ ದಿನ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳು.

ಕಸ್ತೂರಿ ನೆಲದ ಮೇಲೆ, ದೊಡ್ಡಕ್ಕನ ಮಗ್ಗುಲಿಗೇ ಕೂತಳು.

"ದೊಡ್ಡಕ್ಕಾ, ಔಷಧಿ ತಂದೀರಾ?"

ಮುದುಕಿ ಸಂಚಿ ಗಟ್ಟಿಯಾಗಿ ಹಿಡಿದುಕೊಂಡಳು. "ಹೇಳಬಾರದವ್ವಾ... ಯಾರಿಗೂ ಹೇಳಬಾರದು ಅಂದಾನೆ ಕೊಟ್ಟೋನು. ಹೇಳಿದ್ರೆ ಔಷಧಿ ಗುಣ ಹೋಗ್ತದೆ!"

"ಹಂಗಾದ್ರೆ ಹೇಳಿಬಿಡ್ರಿ, ದೊಡ್ಡಕ್ಕಾ."

"ಆಂ?"

"ಆ ಔಷಧಿ ಗುಣ ಹೋಗಬೇಕು. ಅದು ಹೋದ್ರೇನೇ ನಿಮ್ಮ ತಮ್ಮ ಉಳಿಯೋದು. ನೀವು ಹೇಳಿದ್ರೆ ಹೋಗ್ತದಲ್ಲ... ಹೇಳ್ರಿ!"

ದೊಡ್ಡಕ್ಕ ಅವಳ ಮುಖವನ್ನೇ ನೋಡಿದಳು. ನಂತರ ಸಂಚಿ ಬಿಚ್ಚಿ ಕಪ್ಪು ಗುಳಿಗೆಗಳನ್ನು ಕಸ್ತೂರಿಯ ಮಡಿಲಿಗೆ ಸುರಿದು ಗೊಳೋ ಎಂದು ಅತ್ತಳು.

"ನಿದ್ದೆ ಬರ್ಲಿ ಅಂತ ಕೊಟ್ಟೆ ಕಣೇ ತಾಯೀ... ಅವನು ನಾನು ಎತ್ತಿ ಆಡಿಸಿದ ಕೂಸು! ನಿನಗೆ ಕೇಳಬೇಕಂತಿದ್ದೆ. ಅವತ್ತು ಹುಡುಗನ ಮೇಲೆ ಹಂಗೆ ಹರಿಹಾಯ್ದೆಲ್ಲ... ನನ್ನೂ ಹೊರಗೆ ಹಾಕ್ತೀಯ ಅಂತ ಅಂಜಿದೆ."

ಕಸ್ತೂರಿಗೆ ಕಪಾಳಕ್ಕೆ ಹೊಡೆದಂತಾಯಿತು. 'ಮುಚ್ಚಿಟ್ಟಿದ್ದು ಇವರು... ಮುಚ್ಚಿಡೋ ಹಂಗೆ ಮಾಡಿದ್ದು ನಾನು!'

ಡಾಕ್ಟರ್ ಗುಳಿಗೆ ಮುರಿದು ಮೂಸಿ ನೋಡಿದರು. "ಅಫೀಮು. ಕರುಳನ್ನೂ ಕಟ್ಟಿಹಾಕಿ ವಿಷ ಹೊರಗೆ ಹೋಗದ ಹಾಗೆ ಮಾಡುತ್ತೆ. ಈಗಲಾದರೂ ಗೊತ್ತಾಯಿತಲ್ಲ, ಒಳ್ಳೆಯದಾಯಿತು!" ಎಂದು ಕೆಲಸಕ್ಕೆ ನಿಂತರು.

ಗುಳಿಗೆ ನಿಂತಿತು. ಹೊಟ್ಟೆ ಶುದ್ಧವಾಯಿತು. ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಮರುಳಪ್ಪನವರ ಕಣ್ಣು ತಿಳಿಯಾಯಿತು. ಕೊನೆಗೊಂದು ಬೆಳಿಗ್ಗೆ ಅಂಗೈಗಳು ಗೋಡೆಗೆ ಮೊಳೆ ಹೊಡೆದಂತೆ ನಿಂತವು.

"ನಿಂತಿತೇನವ್ವಾ ಬಸ್ಸು?" ಎಂದು ಮುದುಕ ಕೇಳಿದಾಗ ಕಸ್ತೂರಿ ಅತ್ತೇಬಿಟ್ಟಳು.

ಪಂಚಾಕ್ಷರಿ ಮಾತ್ರ ಒಳಗೆ ಬರುತ್ತಿರಲಿಲ್ಲ. ಕ್ಯಾರಿಯರನ್ನು ದೊಡ್ಡಕ್ಕನ ಕೈಗೆ ಕೊಟ್ಟು, ಕಿಟಕಿಯಿಂದ ಅಪ್ಪನನ್ನು ನೋಡಿ ಹೋಗುತ್ತಿದ್ದ. ಕಸ್ತೂರಿ ಎಷ್ಟು ಸಲ ಬಾಗಿಲವರೆಗೆ ಹೋಗಿ ವಾಪಸ್ಸು ಬಂದಳೋ! ತಪ್ಪಾಯಿತು ಎನ್ನುವ ಒಂದು ಮಾತು ಹೇಳದೆಯೇ ಉಳಿಯುತ್ತಿತ್ತು.

ಮನೆಗೆ ಕಳಿಸುವ ದಿನ ಬಂತು. ಮರುಳಪ್ಪ, "ಕಾರು ಗೀರು ಬೇಡ, ನನ್ನ ಬಸ್ಸಿನಾಗೇ ಹೋಗೋದು" ಎಂದು ಹಟ ಹಿಡಿದರು. ಪಂಚಾಕ್ಷರಿ ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಕಸ್ತೂರಿಯ ಕಡೆ ಒಮ್ಮೆ ಕೈ ಮುಗಿದ. ಅಷ್ಟೇ.

"ರೈಟ್!"

ಬಸ್ಸು ಹೊರಟಿತು. ಮರುಕ್ಷಣ ಕಸ್ತೂರಿ ಓಡಿ ಹೋಗಿ ರಸ್ತೆಯ ನಡುವೆ ನಿಂತು, ಎರಡೂ ಕೈ ಮುಂದೆ ಚಾಚಿಬಿಟ್ಟಳು!

ರಂಗಣ್ಣ ಗಕ್ಕನೆ ಬ್ರೇಕ್ ಹಾಕಿದ. ಮರುಳಪ್ಪ ಗಾಜಿನಿಂದ ಬಗ್ಗಿ ನೋಡಿದರು.

"ಏ ಪಂಚಾಕ್ಷರೀ! ಇಳಿಯೋ! ಸಿಸ್ಟರ್ ಕೈ ನೋಡಲೇ... ನಡುಗಾಕೆ ಹತ್ತೈತೆ! ನಂದಕ್ಕಿಂತ ಜೋರೈತೆ!"

ಬಸ್ಸೆಲ್ಲ ಕಿಟಕಿಗೆ ಬಂತು. ಪಂಚಾಕ್ಷರಿ ಇಳಿದು ಎದುರು ನಿಂತ.

"ನನ್ನ ತಪ್ಪು," ಎಂದಳು ಕಸ್ತೂರಿ. "ಕೇಳದೇನೇ ನಿಮ್ಮ ಮೇಲೆ ಹೊರಿಸಿದೆ. ಎಲ್ಲರ ಎದುರಿಗೆ ಅಂದಿದ್ದೆ, ಎಲ್ಲರ ಎದುರಿಗೇ ಹೇಳ್ತೀನಿ... ಕ್ಷಮಿಸ್ರಿ."

"ನನಗೆ ಸಿಟ್ಟು ಯಾವತ್ತೋ ಹೋತು, ಸಿಸ್ಟರ್."

"ಮತ್ತೆ ಒಳಗೆ ಯಾಕೆ ಬರ್ಲಿಲ್ಲ?"

"ಬಂದ್ರೆ ಬಾಯಿಂದ ಏನಾದ್ರೂ ಹೊರಗೆ ಬಿದ್ದುಬಿಟ್ಟೀತು ಅಂತ." ಅವನು ಟಿಕೆಟ್ ಚೀಲದ ಪಟ್ಟಿ ತಿರುಚುತ್ತಿದ್ದ. "ಒಂದು ಮಾತು ಐತೆ. ಹೇಳಿದ್ರೆ ಗುಣ ಹೋಗ್ತದೇನೋ ಅಂತ ಮುಚ್ಚಿಟ್ಕೊಂಡೀನಿ."

"ಹೇಳೋ ಹುಚ್ಚಪ್ಪಾ!" ಕಿಟಕಿಯಿಂದ ದೊಡ್ಡಕ್ಕನ ಕೂಗು. "ಮುಚ್ಚಿಟ್ಟಿದ್ದಕ್ಕೆ ನಂಗೇನಾತು ಅಂತ ನೋಡಿದೆಯಲ್ಲ!"

ಪಂಚಾಕ್ಷರಿ ಅವಳ ನಡುಗುವ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

"ಅಪ್ಪನ ಬಾಯಿಗೆ ಏನು ಹೋದ್ರೂ ನಿಮಗೆ ತೋರಿಸಬೇಕು ಅಂದಿದ್ರಿ. ದಿನಾ ನ್ಯಾಮತಿಯಿಂದ ಇಲ್ಲಿಗೆ ತಂದು ತೋರಿಸಾಕೆ ಆಗಲ್ರೀ. ನೀವೇ... ನಮ್ಮನೆಗೆ ಬಂದುಬಿಡ್ರಿ. ನೀವಿಲ್ದೆ ನನಗೂ ನಿದ್ದೆ ಬರವಲ್ದು, ಕಸ್ತೂರಿ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕಸ್ತೂರಿಯ ಕೆನ್ನೆಯ ಮೇಲೆ ಕಣ್ಣೀರೂ ನಗುವೂ ಒಟ್ಟಿಗೇ ಇಳಿದವು.

"ಜಗಳೂರಿಗೆ ಹೋಗಿ ನಮ್ಮಪ್ಪನ್ನ ಕೇಳ್ರಿ. ಆಮೇಲೆ ಬರ್ತೀನಿ."

"ಅಲ್ಲೀತನಕ ನಿದ್ದೆಗೆ ಏನು ಮಾಡ್ಲಿ?"

"ಮಾತ್ರೆ ಮಾತ್ರ ನುಂಗಬೇಡ್ರಿ!"